ಸತ್ಕಾರದ ಹಂದರ

ದೊಡವಾಡದ ರಾಮಲಿಂಗಪ್ಪನವರ ಮನೆಯಲ್ಲಿ ಸೊಸೆ ಇಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಮಾವ ಹಂದರ ಹಾಕುವವರಿಗೆ ಹೇಳುತ್ತಿದ್ದುದು ಕೇಳಿಸಿತು. "ಇನ್ನೂ ಮುಂದ ತಗೊಳ್ರಿ. ಮಂದಿ ಭಾಳ ಬರ್ತಾರ."

ಆಕೆಯ ಕೈ ಅಲ್ಲಿಗೇ ನಿಂತಿತು.

ಮರುದಿನ ಡಾಕ್ಟರ್ ಮೆಹೆರಾಜ ಅವರಿಗೆ ಸತ್ಕಾರವಿತ್ತು. ಇದೇ ಊರಿನ ಲಾರಿ ಚಾಲಕ ಮೆಹಬೂಬಸಾಬರ ಮಗಳಾದ ಮೆಹೆರಾಜ ಧಾರವಾಡದಲ್ಲಿ ಪ್ರಾಧ್ಯಾಪಕಿಯಾಗಿದ್ದು, ಈಗ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದರು. ಶಾಲೆ ಬಿಟ್ಟ ಹುಡುಗಿಯರ ಮನೆಗಳಿಗೆ ತಾವೇ ಹೋಗಿ, ಹೆತ್ತವರ ಮನ ಒಲಿಸಿ, ಎಷ್ಟೋ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿದ್ದರು. ಅವರನ್ನು ಗೌರವಿಸುವುದು ಊರಿಗೇ ಹೆಮ್ಮೆ. ಆದರೆ ಶಾಲೆಯ ಬಯಲು ಬೇಡ, ತಮ್ಮ ಮನೆಯ ಮುಂದೆಯೇ ಆಗಲಿ ಎಂದು ರಾಮಲಿಂಗಪ್ಪನವರು ಹಟ ಹಿಡಿದದ್ದು ಇಂದ್ರವ್ವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಹೋದ ವರ್ಷ ಇದೇ ಮೆಹೆರಾಜ ಬಾಯಾರು ಎಳೆಯರ ಮದುವೆಯ ಕೇಡು ಹೇಳಲು ಬಂದಾಗ, ನಡುವೆಯೇ ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದು ಹೋದವರು ಈ ಮಾವನೇ.

ಇಂದ್ರವ್ವನ ಹಿರಿಯ ಮಗಳು ದೇವಕ್ಕನನ್ನು ಮೀಸೆ ಚಿಗುರಿದ ಹುಡುಗನೊಬ್ಬನಿಗೆ ರಾಮದುರ್ಗಕ್ಕೆ ಕೊಟ್ಟಾಗ ಆಕೆಗಿನ್ನೂ ಹದಿನಾರು ತುಂಬಿರಲಿಲ್ಲ. ಯಾರೂ ಇಂದ್ರವ್ವನನ್ನು ಕೇಳಿರಲಿಲ್ಲ. ವರ್ಷ ತಿರುಗುವುದರೊಳಗೆ ದೇವಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಮೈ ಇನ್ನೂ ಬಲಿತಿರಲಿಲ್ಲ ಎಂದು ದವಾಖಾನೆಯಲ್ಲಿ ಹೇಳಿದರು. ಹಣೆಬರಹ ಎಂದು ಮನೆಯಲ್ಲಿ ಹೇಳಿದರು. ಕೂಸು ಮಾತ್ರ ಉಳಿದು, ರಾಮದುರ್ಗದಲ್ಲಿ ಅದರ ತಂದೆಯ ತಾಯಿಯ ಕೈಯಲ್ಲಿ ಬೆಳೆಯುತ್ತಿತ್ತು.

ಮಧ್ಯಾಹ್ನ ಬಳೆಗಾರ್ತಿ ಬಂದಳು. ಹತ್ತನೆಯ ತರಗತಿಯ ಕಿರಿಯ ಮಗಳು ಭಾಗೀರಥಿಯ ಎರಡೂ ಕೈತುಂಬ ಹಸಿರು ಬಳೆ ಏರಿದವು.

"ನಾಳೆ ಸ್ವಾಗತದ ಹಾಡ ಹಾಡಾಕಿ. ಬರಿಗೈ ಇರಬಾರದು," ಎಂದರು ರಾಮಲಿಂಗಪ್ಪ, ಇಂದ್ರವ್ವ ಕೇಳುವ ಮೊದಲೇ.

ಹಾಡಿಗೆ ಇಷ್ಟು ಬಳೆಯೇ? ಇಂದ್ರವ್ವ ಗಂಡ ಭೀಮಶಿಯನ್ನು ದನದ ಕೊಟ್ಟಿಗೆಯಲ್ಲಿ ಹಿಡಿದು ನಿಲ್ಲಿಸಿದಳು. "ನಾಳೆ ರಾಮದುರ್ಗದವರೂ ಬರ್ತಾರೇನ?"

ಅವನು ಎಮ್ಮೆಯ ಮೈ ಸವರುತ್ತ ನಿಂತ. "ಅಪ್ಪನ್ನ ಕೇಳು."

ಆಕೆ ನೇರವಾಗಿ ಮಾವನ ಮುಂದೆ ಹೋಗಿ ನಿಂತಳು. "ಮಾವಾರ, ಖರೇ ಹೇಳ್ರಿ. ಇದು ಬಾಯಾರ ಸತ್ಕಾರದ ಹಂದರೋ, ನನ್ನ ಮಗಳ ಮದಿವಿ ಹಂದರೋ?"

ರಾಮಲಿಂಗಪ್ಪ ಮುಚ್ಚಿಡಲಿಲ್ಲ. "ಎರಡೂ ಅನ್ನು. ಬಾಯಾರು ಹ್ವಾದ ಮ್ಯಾಲ ಅಕ್ಕಿಕಾಳ ಹಾಕಿ ಮದಿವಿ ಮುಗಸೂದು. ಅಂಥವರು ಬಂದ ಮನಿ ಮ್ಯಾಲ ಯಾವ ಅಧಿಕಾರಿ ಸಂಶೆ ಪಡತಾನ?"

"ಆಕಿಗೆ ಹದಿನೈದ ರೀ. ಒಬ್ಬಾಕಿನ್ನ ಕಳಕೊಂಡೇವಿ."

"ಅದಕ್ಕ ಈಕಿನ್ನ ಕೊಡಾಕತ್ತೇನಿ. ದೇವಕ್ಕನ ಕೂಸಿಗೆ ತಾಯಿ ಬ್ಯಾಡೇನ? ಹೊರಗಿನಾಕಿ ಬಂದ್ರ ಅದನ್ನ ಮುಟ್ಟತಾಳೇನ? ಅಕ್ಕ ಹ್ವಾದ್ರ ತಂಗಿ ಹೋಗೂದು ನಮ್ಮಲ್ಲಿ ಮೊದಲಿಂದ ನಡದ ಬಂದೈತಿ."

ಮಾತಾಡುವಾಗ ಮುದುಕರ ಕಣ್ಣು ತೇವವಾಗಿತ್ತು. ಅವರು ಸುಳ್ಳು ಹೇಳುತ್ತಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತು.

ಮರುದಿನ ಮೆಹೆರಾಜ ಬಂದರು. ಅವರನ್ನು ಪಡಸಾಲೆಯಲ್ಲಿ ಕೂರಿಸಿದರು. ಚಹಾ ಹಿಡಿದು ಹೋದ ಇಂದ್ರವ್ವ ಬಾಗಿಲಲ್ಲೇ ತಡೆದು ನಿಂತಳು. ಶಾಲು ಹೊದ್ದು, ಫೋಟೋ ತೆಗೆಸಿಕೊಂಡು ಕಾರು ಹತ್ತುವ ದೊಡ್ಡವರನ್ನು ಆಕೆ ಕಂಡಿದ್ದಳು. ಇವರಿಗೆ ಎಲ್ಲ ಗೊತ್ತಿದ್ದೇ ಬಂದಿರಬಹುದೇ? ಹೇಳಿದರೆ ಮಾವನನ್ನೇ ಕರೆದು ಕೇಳಿಬಿಟ್ಟರೆ?

ಮೆಹೆರಾಜ ಕಪ್ಪು ತೆಗೆದುಕೊಳ್ಳದೆ ಆಕೆಯ ಮುಖ ನೋಡಿದರು. "ಬಾಗಿಲದಾಗ ಒಂದು ಹುಡಿಗಿ ನಿಂತಿತ್ತಲ್ಲವಾ, ಅದರ ಕೈತುಂಬ ಹಸರ ಬಳಿ. ನನಗ ಹೂ ಕೊಟ್ಟ ಹುಡಿಗಿ ಅಳಾಕ ಯಾಕ ಹತ್ತೇತಿ?"

ಇಂದ್ರವ್ವ ಬಾಯಿ ಬಿಟ್ಟಳು. ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಮೆಹೆರಾಜ ಅಲ್ಲೇ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಆಮೇಲೆ ಕೇಳಿದರು, "ಮಂದಿ ಮುಂದ ನಾ ಹೇಳಲೋ, ನೀವು ಹೇಳತೀರೋ?"

"ತಾಯಿ ನಾನ ಅದೇನಿ. ನಾನ ಹೇಳತೇನಿ."

ವೇದಿಕೆಯ ಮೇಲೆ ರಾಮಲಿಂಗಪ್ಪ ಶಾಲು ಬಿಡಿಸಿದರು. ಮೆಹೆರಾಜ ಕೈಯಿಂದ ಅದನ್ನು ತಡೆದರು. "ಹಿರಿಯಾರ, ಈ ಹಂದರದಾಗ ನಾ ಇದನ್ನ ಹೊದಿಯೂದುಲ್ಲ. ನಿಮ್ಮ ಸೊಸಿ ಮಾತ ಮೊದಲ ಕೇಳ್ರಿ."

ಇಂದ್ರವ್ವ ಸೆರಗು ಬಿಗಿಹಿಡಿದು ನಿಂತಳು. "ಭಾಗೀರಥಿನ್ನ ನಾ ಕೊಡೂದುಲ್ಲ. ಆಕಿ ಅಕ್ಕನ್ನ ಮಣ್ಣಾಗಿಟ್ಟೇನಿ. ಈಕಿನ್ನ ಸಾಲಿಗೆ ಕಳಸತೇನಿ."

"ಮತ್ತ ಕೂಸು?" ಎಂದರು ಮಾವ, ದನಿ ಒಡೆದು.

ಅಷ್ಟರಲ್ಲಿ ರಾಮದುರ್ಗದ ಜೀಪು ಬಂದು ನಿಂತಿತು. ಬೀಗತಿ ಕೂಸನ್ನು ಎತ್ತಿಕೊಂಡು ಇಳಿದಳು. ಇಂದ್ರವ್ವ ಜನರ ನಡುವೆ ನಡೆದು ಹೋಗಿ ಎರಡೂ ಕೈ ಚಾಚಿದಳು.

"ಇದಕ್ಕ ತಾಯಿ ಬೇಕಂದ್ರ ನಾ ಅದೇನ್ರಿ. ನಾ ಸಾಕತೇನಿ. ಇದರ ಸಲುವಾಗಿ ಇನ್ನೊಂದ ಕೂಸನ್ನ ಹಾಳ ಮಾಡೂದ ಬ್ಯಾಡ."

ಬೀಗತಿ ಮೊದಲು ಕೂಸನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ಆದರೆ ಒಬ್ಬಳೇ ಸಾಕಿ ಅವಳೂ ದಣಿದಿದ್ದಳು. ಕೊನೆಗೆ ಕೂಸನ್ನು ಕೈಗಿತ್ತು, ಜೀಪಿನ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಂಡಳು. ಅಧಿಕಾರಿಗಳು ಬಂದು ಎರಡೂ ಕಡೆಯವರಿಂದ ಮುಚ್ಚಳಿಕೆ ಬರೆಸಿಕೊಂಡರು. ಹಂದರ ಬಿಚ್ಚುವವರೆಗೂ ಮೆಹೆರಾಜ ಕುರ್ಚಿ ಬಿಟ್ಟು ಏಳಲಿಲ್ಲ.

ರಾಮಲಿಂಗಪ್ಪ ಸೊಸೆಯೊಡನೆ ಮಾತು ಬಿಟ್ಟರು. ಕೂಸನ್ನೂ ದೂರದಿಂದಲೇ ನೋಡುತ್ತಿದ್ದರು. ಪರೀಕ್ಷೆ ಶುರುವಾದ ಬೆಳಿಗ್ಗೆ ಹೊರಡಲು ಎದ್ದ ಭಾಗೀರಥಿಯ ಜಡೆಯನ್ನು ಕೂಸು ಹಿಡಿದುಕೊಂಡಿತು. ಬಿಡಿಸಹೋದರೆ ಚೀರತೊಡಗಿತು. ಮುದುಕರು ಕಟ್ಟೆಯಿಂದ ಇಳಿದು ಬಂದು, ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೂಸನ್ನು ಹೆಗಲಿಗೆ ಹಾಕಿಕೊಂಡರು.

"ಹೋಗವಾ," ಎಂದರು ಮೊಮ್ಮಗಳಿಗೆ. "ಹೊತ್ತಾಗತೇತಿ."