ತೂಬು ಬಿಡುವ ಕೈ

ತಾಳಗುಂದದ ಕಡೆ ಗದ್ದೆಗಳಿಗೆ ಕೆರೆ ನೀರು ಬಿಡುತ್ತಿದ್ದ ನೀರುಗಂಟಿ ಉಜ್ಜಪ್ಪನ ಮಾತೆಂದರೆ ಊರಿಗೆ ಊರೇ ಒಪ್ಪುತ್ತಿತ್ತು. ತೂಬು ಎಷ್ಟು ಎತ್ತಿದೆ, ಯಾರ ಗದ್ದೆಗೆ ಎಷ್ಟು ಹೊತ್ತು ಹರಿಸಿದೆ ಎಂದು ಅವನು ಹೇಳಿದ ಮೇಲೆ ಜಗಳಗಂಟರೂ ಬಾಯಿ ಮುಚ್ಚುತ್ತಿದ್ದರು. ಇದರ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಇತ್ತು, ಇರಲಿ ಬಿಡಿ.

ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವನ ಹೆಂಡತಿ ಲೋಕಮ್ಮ ಬಸುರಾದಳು. ಆದರೆ ವಾಂತಿ ಅವಳನ್ನು ಹಿಂಡಿ ಹಾಕಿತು. ಗಂಜಿ ನಿಲ್ಲದು, ಗುಟುಕು ನೀರೂ ನಿಲ್ಲದು. ಕಣ್ಣು ಗುಳಿಬಿದ್ದವು. ಉಜ್ಜಪ್ಪ ಗಾಡಿ ಕಟ್ಟಿ, ಶಿಕಾರಿಪುರದಲ್ಲಿ ನೀಲಾಂಬಿಕ ಡಾಕ್ಟರು ಹೊಸದಾಗಿ ತೆರೆದಿದ್ದ ಪುಟ್ಟ ಆಸ್ಪತ್ರೆಗೆ ಅವಳನ್ನು ಕರೆತಂದ.

ಡಾಕ್ಟರು ಗ್ಲೂಕೋಸ್ ಬಾಟಲಿಗೆ ವಾಂತಿ ನಿಲ್ಲಿಸುವ ಹೊಸ ಔಷಧಿ ಬೆರೆಸಿ, ರಬ್ಬರ್ ನಳಿಗೆಯಿಂದ ಅವಳ ಕೈಯ ನರಕ್ಕೆ ಹಚ್ಚಿದರು. ನಳಿಗೆಗೊಂದು ತಿರುಪು.

"ಹನಿ ಹನಿಯಾಗಿ ಇಡೀ ದಿನ ಹೋಗ್ತಾ ಇರ್ಬೇಕು. ಈ ತಿರುಪು ಮಾತ್ರ ಯಾರೂ ಮುಟ್ಟಬೇಡಿ," ಎಂದರು.

ಆ ಸಂಜೆಯೇ ವಾಂತಿ ನಿಂತಿತು. ಮರುದಿನ ಬೆಳಿಗ್ಗೆ ಕುಡಿದ ಗಂಜಿಯೂ ಹೊಟ್ಟೆಯಲ್ಲಿ ಉಳಿಯಿತು. "ಹಸಿವಾಗ್ತೈತ್ರೀ," ಎಂದಳು ಲೋಕಮ್ಮ. ಉಜ್ಜಪ್ಪ ಹಿತ್ತಲಿಗೆ ಹೋಗಿ ಒಬ್ಬನೇ ಅತ್ತು ಬಂದ.

ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿತ್ತು. ಅವನು ಬೀಳುವ ಹನಿಗಳನ್ನೇ ನೋಡುತ್ತ ಕೂತಿದ್ದ. ಒಣಗಿದ ಗದ್ದೆಗೆ ಯಾರಾದರೂ ಇಷ್ಟು ಜಿಪುಣತನದಿಂದ ನೀರು ಬಿಡುತ್ತಾರೆಯೇ? ಪೈರು ಬಾಡಿದಾಗ ತೂಬು ಇನ್ನಷ್ಟು ಎತ್ತಬೇಕು. ಅದು ಅವನು ತಲೆಯಿಂದಲ್ಲ, ಕೈಯಿಂದ ಕಲಿತ ವಿದ್ಯೆ. ಪಾಪ, ಬೇಗ ಚೇತರಿಸಿಕೊಳ್ಳಲಿ ಎಂದು ತಿರುಪು ಸಡಿಲಿಸಿಬಿಟ್ಟ. ಹನಿ ಧಾರೆಯಾಯಿತು.

ಸ್ವಲ್ಪ ಹೊತ್ತಿಗೆ ಲೋಕಮ್ಮನ ಮುಖ ಬಿಳಚಿಕೊಂಡಿತು. ಹಣೆಯಲ್ಲಿ ಬೆವರೊಡೆಯಿತು, ಕೈ ತಣ್ಣಗಾಯಿತು. ಕೂಗಿದರೆ ಓಗೊಡಲಿಲ್ಲ. ಉಜ್ಜಪ್ಪ ತಿರುಪನ್ನು ಮೊದಲಿನಂತೆ ಬಿಗಿ ಮಾಡಿ, ಆಮೇಲೆ ಡಾಕ್ಟರನ್ನು ಕೂಗಿದ. ಅವರು ಓಡಿ ಬಂದು ನಳಿಗೆ ಕಿತ್ತು, ಮಂಚದ ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ನಾಡಿ ನಿಧಾನಕ್ಕೆ ಮರಳಿತು.

"ಉಜ್ಜಪ್ಪ, ತಿರುಪು ಯಾರಾದ್ರೂ ಮುಟ್ಟಿದ್ರೇನ್ರೀ?"

"ಇಲ್ರೀ ಅಮ್ಮಾರೆ."

ಊರಿನ ನೀರಿನ ವಿಷಯದಲ್ಲಿ ಎಂದೂ ಸುಳ್ಳು ಹೇಳದ ಬಾಯಿ ಇಲ್ಲಿ ಹೇಳಿಬಿಟ್ಟಿತು.

"ಹಾಗಾದ್ರೆ ಈ ಔಷಧಿ ಇವರ ಮೈಗೆ ಒಗ್ಗಲ್ಲ. ಇನ್ನು ಕೊಡೋ ಹಾಗಿಲ್ಲ," ಎಂದರು ಡಾಕ್ಟರು.

ಮರುದಿನವೇ ವಾಂತಿ ಮತ್ತೆ ಶುರುವಾಯಿತು. ಬರೀ ಗ್ಲೂಕೋಸಿಗೆ ಅದು ಜಗ್ಗಲಿಲ್ಲ. ಉಜ್ಜಪ್ಪ ದಿನಾ ಬೆಳಿಗ್ಗೆ ನಿಜ ಹೇಳಿಬಿಡಬೇಕೆಂದು ಡಾಕ್ಟರ ಬಾಗಿಲವರೆಗೆ ಹೋಗುತ್ತಿದ್ದ. ಹಾಗೇ ತಿರುಗಿ ಬರುತ್ತಿದ್ದ. ಬೈಸಿಕೊಳ್ಳುವ ಭಯವಲ್ಲ, ಮರ್ಯಾದೆಯ ಭಯ. ಹಾಳು ಮರ್ಯಾದೆ. ಕೊನೆಗೆ ಡಾಕ್ಟರೇ ಅವನನ್ನು ಕರೆದು, ತಾಯಿ ಉಳಿಯಬೇಕಾದರೆ ಬಸಿರು ತೆಗೆಯದೆ ದಾರಿಯಿಲ್ಲ ಎಂದರು. ಅದಕ್ಕೂ ಅವನು ಒಪ್ಪಿ ತಲೆಯಾಡಿಸಿದ.

ಬಸಿರು ತೆಗೆದ ಮೇಲೆ ಲೋಕಮ್ಮ ಸುಧಾರಿಸಿಕೊಳ್ಳಲು ಸೊರಬದಾಚೆ ಜಡೆ ಎಂಬ ಊರಿನ ತವರಿಗೆ ಹೋದಳು. ಸುಗ್ಗಿ ಮುಗಿದ ಮೇಲೆ ಉಜ್ಜಪ್ಪ ಅವಳನ್ನು ಕರೆದೊಯ್ಯಲು ಬಸ್ಸು ಹತ್ತಿ ಬಂದ. ಅವಳು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆಯೇ ಮಾತಿಗೆ ತೊಡಗಿದಳು.

"ನನ್ನ ಮೈಗೇ ಔಷ್ದಿ ಒಗ್ಗಲ್ಲ ಅಂದ್ರಲ್ಲ ಡಾಕ್ಟ್ರಮ್ಮ. ಇನ್ನೊಂದ್ಸಲ ಬಸುರಾದ್ರೂ ಇದೇ ಗತಿ. ನೀವು ಇನ್ನೊಂದು ಮದ್ವೆ ಆಗ್ಬಿಡಿ. ಹೆಣ್ಣು ನಾನೇ ನೋಡ್ತೀನಿ."

ಉಜ್ಜಪ್ಪ ಮೆಟ್ಟಿಲ ಮೇಲೆ ಕೂತ.

"ನಿನ್ನ ಮೈಗೆ ಏನೂ ಆಗಿಲ್ಲ. ಆವತ್ತು ತಿರುಪು ಸಡಿಲ ಮಾಡ್ದವ್ನು ನಾನು."

ಅವಳ ಕೈ ಮೊರದಲ್ಲೇ ನಿಂತಿತು. ತಲೆ ಎತ್ತಿ ಕೇಳಿದಳು: "ಡಾಕ್ಟ್ರಮ್ಮ ಕೇಳ್ದಾಗಲೇ ಹೇಳಿದ್ರೆ, ಆ ಔಷ್ದಿ ಮತ್ತೆ ಹಾಕ್ತಿದ್ರಾ?"

"ಹಾಕ್ತಿದ್ರು."

ಲೋಕಮ್ಮ ಮೊರ ಎತ್ತಿಕೊಂಡು ಎದ್ದಳು.

"ಬಸ್ಸಿಗೆ ಹೊತ್ತಾಯ್ತು, ನೀವು ಹೊರಡಿ," ಎಂದು ಒಳಗೆ ಹೋದಳು.