ಒಂದೇ ಅಂತ ಬರ್ಕೊಳ್ಳಿ

“ನಿಮಗೆ ಏನೂ ಆಗಿಲ್ಲ ಅಲ್ವಾ ಅಮ್ಮಾ?” ಸಾಲದ ಕಂಪನಿಯ ಅಧಿಕಾರಿ ಎರಡನೆಯ ಸಲ ಕೇಳಿದ.

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ.”

“ಅದೇ ತೊಂದರೆ ನೋಡಿ,” ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಅವಳು ಆಸ್ಪತ್ರೆಯ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದಳು. ಗಂಡನ ಎಡಗೈ, ಎಡಗಾಲು ಬಿದ್ದುಹೋಗಿವೆ, ಇನ್ನು ಯಾವ ಗಾಡಿಯನ್ನೂ ಓಡಿಸುವ ಹಾಗಿಲ್ಲ ಎಂದು ಡಾಕ್ಟರು ಸಹಿ ಮಾಡಿ ಮೊಹರು ಒತ್ತಿ ಕೊಟ್ಟಿದ್ದರು. ಸಾಲಕ್ಕೆ ವಿಮೆ ಇದೆ, ಹೀಗೇನಾದರೂ ಆದರೆ ಉಳಿದ ಕಂತೆಲ್ಲ ಮಾಫಿ ಎಂದು ಸಾಲ ಕೊಡುವ ದಿನ ಇವರೇ ಬಾಯಿತುಂಬಾ ಹೇಳಿದ್ದರು. ಅಧಿಕಾರಿ ಕಾಗದಗಳನ್ನು ಒಂದೊಂದಾಗಿ ನೋಡಿ, ಅಂಚು ಸರಿಮಾಡಿ, ಅವಳ ಕಡೆಗೇ ತಳ್ಳಿದ.

“ವಿಮೆ ಇರೋದು ನಿಮ್ಮ ಮೇಲೆ, ಯಜಮಾನರ ಮೇಲಲ್ಲ.”

ಯಜಮಾನರು ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವರು. ಹದಿನಾಲ್ಕನೇ ನಂಬರಿನ ಬಸ್ಸು. ನೀರಿನ ಟ್ಯಾಂಕಿನಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ನೀರಿನ ಟ್ಯಾಂಕಿಗೆ. ಡಿಪೋದಲ್ಲಿ ಎಲ್ಲರ ಬಾಯಲ್ಲೂ ಹದಿನಾಲ್ಕಣ್ಣ. ಇಪ್ಪತ್ತೆರಡು ಸ್ಟಾಪುಗಳಲ್ಲಿ ಬ್ರೇಕು ತುಳಿದೂ ತುಳಿದೂ ಬಲಮಂಡಿ ಸವೆದ ಈ ಮನುಷ್ಯನಿಗೆ ಇದ್ದ ಆಸೆ ಒಂದೇ: ಸ್ಟಾಪಿಲ್ಲದ ರಸ್ತೆಯಲ್ಲಿ ಗಾಡಿ ಬಿಡಬೇಕು. ನಿವೃತ್ತಿಯಾಗುತ್ತಲೇ ಕ್ಯಾರವಾನ್, ಅಂದರೆ ಮನೆಯಂಥ ಗಾಡಿ, ಮಾರುವ ಅಂಗಡಿಗೆ ಅಲೆಯತೊಡಗಿದ. ಎರಡು ಹಾಸಿಗೆ, ಒಂದು ಒಲೆ, ಒಂದು ನಲ್ಲಿ, ಕಪಾಟಿನಷ್ಟಗಲದ ಟಾಯ್ಲೆಟ್ಟು. “ಇದೇನ್ರೀ, ಬೀರುವಿಗೆ ಗಾಲಿ ಹಾಕಿದ ಹಾಗಿದೆ,” ಎಂದು ಅವಳು ನಕ್ಕಿದ್ದಳು. ನಿವೃತ್ತಿಯಲ್ಲಿ ಬಂದದ್ದೆಲ್ಲ ಮುಂಗಡಕ್ಕೆ ಹೋಯಿತು. ಉಳಿದದ್ದಕ್ಕೆ ಹದಿನೈದು ವರ್ಷದ ಸಾಲ. ಕಂತು ಸಣ್ಣದಾಗುತ್ತದೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಅವಳ ಸಂಬಳದಲ್ಲಿ ಕಟ್ಟಿಬಿಡಬಹುದು, ಪಿಂಚಣಿಯಲ್ಲಿ ಮನೆ ನಡೆಯುತ್ತದೆ ಎಂಬ ಲೆಕ್ಕ.

ಹೋದದ್ದು ಒಂದೇ ಒಂದು ಸಲ, ಮೂರು ದಿನ. ಅವನು ಎಲ್ಲೂ ನಿಲ್ಲಿಸಲಿಲ್ಲ. ಒಂದಕ್ಕೆ ಹೋಗಬೇಕು ಎಂದರೂ, “ಹಿಂದೆ ಇದೆಯಲ್ಲೇ, ಹೋಗು,” ಎಂದ. ಓಡುವ ಗಾಡಿಯಲ್ಲಿ ಗೋಡೆ ಗೋಡೆಗೆ ಬಡಿಸಿಕೊಂಡು ಬಂದು ಅವಳು ಚೆನ್ನಾಗಿ ಬೈದಳು. ಅವನು ಸ್ಟಿಯರಿಂಗ್ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮದುವೆಯಾದಾಗಿನಿಂದ ಆ ಮೂರು ದಿನದಷ್ಟು ಸಂತೋಷವಾಗಿ ಅವಳು ಎಂದೂ ಇರಲಿಲ್ಲ. ಗಾಡಿ ಕೊಂಡ ಹನ್ನೊಂದನೆಯ ವಾರ, ಅಂಗಳದಲ್ಲಿ ಅದನ್ನು ತೊಳೆಯುತ್ತಿದ್ದವನು ನೀರಿನ ಪೈಪು ಹಿಡಿದುಕೊಂಡೇ ಕುಸಿದು ಕುಳಿತ.

“ಸಾಲ ತಗೊಂಡಿದ್ದು ಇಬ್ಬರೂ ಸೇರಿ. ವಿಮೆ ಒಬ್ಬರಿಗೆ ಹೇಗಾಗುತ್ತೆ?” ಎಂದು ಅವಳು ಕೇಳಿದಳು.

ಅಧಿಕಾರಿ ಅರ್ಜಿಯನ್ನು ತೆಗೆದು ಅವಳ ಕಡೆ ತಿರುಗಿಸಿದ. “ಯಜಮಾನರಿಗೆ ವಯಸ್ಸಾಗಿತ್ತು, ಅದಕ್ಕೇ ಮೊದಲ ಹೆಸರು ನಿಮ್ಮದು. ಇಲ್ಲಿ ನೋಡಿ, ವಿಮೆ ಎಷ್ಟು ಜನರ ಮೇಲೆ ಅನ್ನೋ ಕಡೆ ‘ಒಂದು’ ಅಂತಿದೆ. ಒಂದು ಅಂದ್ರೆ ಮೊದಲ ಹೆಸರಿಗೆ ಬರುತ್ತೆ. ಇನ್ನೊಬ್ಬರನ್ನ ಸೇರಿಸಿದ್ರೆ ತಿಂಗಳಿಗೆ ಎರಡು ಕಾಫಿ ದುಡ್ಡು ಜಾಸ್ತಿ ಆಗ್ತಿತ್ತು, ಅಷ್ಟೇ. ಕೇಳೇ ಬರೆದಿರ್ತಾರೆ ಅಮ್ಮಾ.”

ಕೇಳಿದ್ದರು. ಅವಳಿಗೆ ಚೆನ್ನಾಗಿ ನೆನಪಿತ್ತು. ಅರ್ಜಿ ತುಂಬುತ್ತಿದ್ದ ಹುಡುಗಿ ತಲೆ ಎತ್ತದೆ, “ವಿಮೆ ಒಂದಾ, ಎರಡಾ?” ಎಂದಿದ್ದಳು. ಇನ್ನೇನು ಗಾಡಿಯ ಕೀ ಸಿಗುತ್ತದೆ ಎಂಬ ಖುಷಿಯಲ್ಲಿದ್ದ ಗಂಡ ಇವಳ ಭುಜದ ಮೇಲೆ ಕೈ ಹಾಕಿ, ಅಲ್ಲಿ ಕುಳಿತಿದ್ದವರಿಗೆಲ್ಲ ಕೇಳುವಂತೆ, “ನಾವಿಬ್ರೂ ಒಂದೇ ಅಮ್ಮಾ. ಒಂದೇ ಅಂತ ಬರ್ಕೊಳ್ಳಿ,” ಎಂದಿದ್ದ. ಹುಡುಗಿ ನಕ್ಕು ಬರೆದುಕೊಂಡಳು. ಇವಳು ನಾಚಿಕೆಯಿಂದ ತಲೆ ತಗ್ಗಿಸಿ, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ್ದಳು.

“ಅವರು ಹೇಳಿದ್ದು ಹಾಗಲ್ಲ,” ಎಂದಳು ಈಗ.

“ಮತ್ತೆ ಹೇಗೆ?”

ಮಗನ ವಯಸ್ಸಿನ ಈ ಗಂಡಸಿನ ಮುಂದೆ ಆ ಮಾತನ್ನು ಹೇಗೆ ಬಿಡಿಸಿ ಹೇಳುವುದು? ಕವರು ಎತ್ತಿಕೊಂಡು ಎದ್ದಳು.

ಮನೆಯಲ್ಲಿ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದ. ಪಕ್ಕದ ಮನೆಯಾಕೆ ಕೂರಿಸಿದಂತೆಯೇ ಎಡಕ್ಕೆ ವಾಲಿಕೊಂಡಿದ್ದ. “ಏ... ಏನಂದ್ರು?” ಎಂದ ಅರ್ಧ ಬಾಯಲ್ಲಿ.

ತನ್ನ ಮಾತಿನಿಂದಲೇ ಹೀಗಾಯಿತು ಎಂಬ ನಿಜ ತಿಳಿದರೆ ಈ ಮನುಷ್ಯ ಇನ್ನು ಏಳುವುದಿಲ್ಲ ಎಂದು ಬಸ್ಸಿನಲ್ಲಿ ಬರುವಾಗಲೇ ಅವಳಿಗೆ ಗಟ್ಟಿಯಾಗಿತ್ತು. ಚಪ್ಪಲಿ ಬಿಡುತ್ತಾ, ಅವನ ಮುಖ ನೋಡದೆ ಹೇಳಿದಳು: “ನಾನು ತಪ್ಪು ಕಡೆ ಸಹಿ ಹಾಕಿದ್ದೆನಂತೆ ಕಣ್ರೀ. ಅದಕ್ಕೇ ವಿಮೆ ನನ್ನೊಬ್ಬಳ ಮೇಲೇ ಆಗಿದೆಯಂತೆ.”

ಅವನ ಮುಖ ಗಂಟಾಯಿತು. “ಓದದೆ ಹಾಕಿದ್ಯಾ? ಬು... ಬುದ್ಧಿ ಇಲ್ವಾ ನಿನಗೆ?”

ಅಂದಿನಿಂದ ಅದೇ ರಾಗ. ಬೆಳಗ್ಗೆ ಹಲ್ಲುಜ್ಜಿಸುವಾಗ, ಮಧ್ಯಾಹ್ನ ಮಗ್ಗುಲು ಬದಲಿಸುವಾಗ, ಓದದೆ ಹಾಕಿದ್ಯಾ. ಬರಬರುತ್ತಾ ಬೈಯುವಾಗ ಅವನ ಮಾತು ತೊಡರದಂತಾಯಿತು. ವ್ಯಾಯಾಮ ಮಾಡಿಸಲು ಬರುವವಳು ಕೂಡ, “ಮಾತು ಎಷ್ಟು ಸುಧಾರಿಸಿದೆ! ಹೀಗೇ ಮಾತಾಡಿಸ್ತಾ ಇರಿ,” ಎಂದು ಮೆಚ್ಚಿ ಹೋದಳು. ಇವಳಿಗೆ ಕೆಲವು ದಿನ, ನೀವೇ ಹೇಳಿದ್ದು, ನಿಮ್ಮ ಬಾಯಿಂದಲೇ ಬಂದದ್ದು ಎಂದು ಕಿರುಚಿಬಿಡಬೇಕು ಎನ್ನಿಸಿದಾಗ ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು.

ಅವನೊಬ್ಬನನ್ನೇ ಬಿಡುವಂತಿರಲಿಲ್ಲ, ಲಾಂಡ್ರಿಯಲ್ಲಿ ಅರ್ಧ ದಿನದ ಕೆಲಸ ಕೇಳಿ ಪಡೆದಳು, ಸಂಬಳವೂ ಅರ್ಧವಾಯಿತು. ಪಿಂಚಣಿ ಔಷಧಿಗೆ ಸರಿಹೋಗುತ್ತಿತ್ತು. ಗಾಡಿ ವಾಪಸು ತಗೊಳ್ಳಿ ಎಂದರೆ ಅಂಗಡಿಯವನು ಅರ್ಧ ಬೆಲೆ ಹೇಳಿದ. ಗಾಡಿ ಕೊಟ್ಟಮೇಲೂ ಉಳಿಯುವ ಸಾಲ ಕಟ್ಟಬೇಕು. ಬಾಡಿಗೆ ತರಬಲ್ಲದ್ದು ಎಂದರೆ ಇದ್ದ ಎರಡು ಕೋಣೆಯ ಮನೆ ಮಾತ್ರ.

ಮನೆ ಬಾಡಿಗೆಗೆ ಕೊಟ್ಟರು. ಅಂಗಳದಲ್ಲಿ ನಿಂತಿದ್ದ ಗಾಡಿಯೊಳಕ್ಕೆ ಡಿಪೋದ ಇಬ್ಬರು ಹಳೆಯ ಡ್ರೈವರುಗಳು ಹದಿನಾಲ್ಕಣ್ಣನನ್ನು ಎತ್ತಿ ತಂದರು. ಬಾಗಿಲು ಕಿರಿದು. ಅಡ್ಡ ತಿರುಗಿಸಿ, ತಲೆ ತಾಗದಂತೆ ಕೈ ಕೊಟ್ಟು, ಸೋಫಾ ಸಾಗಿಸಿದ ಹಾಗೆ ಸಾಗಿಸಬೇಕಾಯಿತು. ಪಾತ್ರೆಯ ಪೆಟ್ಟಿಗೆ ಹೊತ್ತು ಬಂದ ಮೈದುನ, “ಅತ್ತಿಗೆ, ನಿಮ್ಮದೊಂದು ಸಹಿಯಿಂದ ಏನೇನಾಗೋಯ್ತು ನೋಡಿ,” ಎಂದ. ಅಣ್ಣ ಊರಿಗೆಲ್ಲ ಸಾರಿದ್ದ. “ಹೌದು,” ಎಂದು ಅವಳು ಚಾದರ ಮಡಿಸಿದಳು.

ಗಾಡಿಗೆ ಬಂದ ಒಂಬತ್ತನೆಯ ದಿನದ ಸಂಜೆ ಅವನು ಬೈಯಲಿಲ್ಲ. ದಿಂಬಿಗೊರಗಿ ಬಹಳ ಹೊತ್ತು ಸೂರು ನೋಡುತ್ತಿದ್ದ. ಅವಳು ಲೋಟದ ಚಹಾ ಆರಿಸುತ್ತಿದ್ದಾಗ, “ಆ ಹುಡುಗಿ ಏನೋ ಕೇಳಿದ್ಲಲ್ಲ,” ಎಂದ. “ಒಂದಾ ಎರಡಾ ಅಂತ. ನಾನೇನಂದೆ?”

ಅವಳು ತಲೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನು ಅವಳು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

“ಎರಡು ಅಂದ್ರಿ,” ಎಂದಳು.

“ಸರಿಯಾಗಿ ನೆನಪಿದೆಯಾ?”

“ಪಕ್ಕದಲ್ಲೇ ಇದ್ನಲ್ರೀ. ಜೋರಾಗೇ ಅಂದ್ರಿ, ಎರಡು ಅಂತ.”

ಅವನ ಉಸಿರು ಇಳಿಯಿತು. “ಮತ್ತೆ!” ಎಂದ. “ನಾನು ಸರಿಯಾಗೇ ಹೇಳಿರ್ತೀನಿ. ನೀನೇ ಓದದೆ...”

“ನಾನೇ,” ಎಂದು ಅವಳು ಚಮಚ ಅವನ ಬಾಯಿಗಿಟ್ಟಳು. ಎಡ ಕಟವಾಯಿಯಿಂದ ಚಹಾ ಇಳಿಯಿತು. ಸೆರಗಿನ ತುದಿಯಿಂದ ಒರೆಸಿದಳು. ಎದುರಿಗೆ, ಅವರ ಮನೆಯ ಅಡುಗೆಕೋಣೆಯಲ್ಲಿ, ಬಾಡಿಗೆಯವರು ದೀಪ ಹಾಕಿದರು.