ಕರೆಯೋಲೆಗೆ ಸ್ಲ್ಯಾಬ್ ಹಾಕಿದ್ದು

ನಮ್ಮ ದೊಡ್ಡಪ್ಪ ವೃಷಭೇಂದ್ರಪ್ಪನವರು ದಟ್ಟಗಳ್ಳಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರು. ನನ್ನ ಮದುವೆಯ ಕರೆಯೋಲೆಗೆಂದು ಕೃಷ್ಣಮೂರ್ತಿಪುರಂನ ಡಿಟಿಪಿ ಅಂಗಡಿಗೆ ಹೋದೆವು. ಅಲ್ಲಿನ ಪ್ರೇಮಲೀಲಾ ಕಂಪ್ಯೂಟರಿನಲ್ಲಿ ಹತ್ತಾರು ಬಗೆಯ ಅಕ್ಷರ ತೋರಿಸಿ ಒಂದೊಂದರ ಹೆಸರನ್ನೂ ಹೇಳಿದಳು. ದೊಡ್ಡಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು: ಸ್ಲ್ಯಾಬ್.

"ಇದೇ ಇರ್ಲಿ ಕಣಮ್ಮ. ಸ್ಲ್ಯಾಬ್ ಅಂದ್ರೆ ಗಟ್ಟಿ."

ಕರೆಯೋಲೆ ಸೋರಬಾರದು ನೋಡಿ.

ತಲೆಕಟ್ಟೆಲ್ಲ ಕಾಂಕ್ರೀಟು, ಗೆರೆಯ ತುದಿತುದಿಗೂ ಚೌಕದ ಇಟ್ಟಿಗೆ. ಅಜ್ಜಿಯ ಕಥೆಯಲ್ಲಿ ರಾಕ್ಷಸ ಮರದ ಹಾವುಗೆ ಮೆಟ್ಟಿ ರಾಜಕುಮಾರಿಯ ಹೂದೋಟಕ್ಕೆ ನುಗ್ಗುತ್ತಿದ್ದ. ಅವನ ಹೆಜ್ಜೆ ಹೀಗೇ ಇದ್ದಿರಬೇಕು. ಹಿಟ್ಟಿನ ಗಿರಣಿಯ ಬೋರ್ಡಿಗೆ, 'ನಾಯಿ ಇದೆ' ಎನ್ನುವ ಗೇಟಿಗೆ, ದೂರದಿಂದಲೇ ಗದರಿಸಬೇಕಾದ ಕಡೆಗೆಲ್ಲ ಅದು ಒಪ್ಪೀತು. ಲಿಂಗೈಕ್ಯರಾದವರ ಶಿವಗಣಾರಾಧನೆಯ ಪತ್ರದಲ್ಲೂ ಹೆಸರು ಬರುವುದು ಅದರಲ್ಲೇ.

ನನಗೆ ಬೇಕಿದ್ದದ್ದು ಇಷ್ಟೇ: ನನ್ನ ಮದುವೆಯ ಪತ್ರದಲ್ಲಿ ನನ್ನ ಹೆಸರು ರಂಗೋಲಿಯ ಎಳೆಯಂತೆ ದುಂಡಗೆ, ಕಣ್ಣಿಗೆ ಕಾಣುವಂತೆ ಇರಬೇಕು. ಕಾರ್ಡು ಅಚ್ಚಾಗಿ ಬಂತು. ನಟ್ಟನಡುವೆ, ಕರೆಯುವವರಾದ ದೊಡ್ಡಪ್ಪನ ಹೆಸರು ಕಡುಗಪ್ಪಾಗಿ ಮೈಚಾಚಿತ್ತು. ಅದರಡಿ ನಾನೂ ವರ ಶಿವಕಿರಣರೂ ಇರುವೆಸಾಲು. ಮೂಲೆಗೆ ಅರಿಶಿನ ಹಚ್ಚಲು ಹೋದರೆ ಅದಕ್ಕೂ ದೊಡ್ಡಪ್ಪನ ಅಡ್ಡಿ. ಪುಡಿ ಉದುರಿ ಅಕ್ಷರದ ಮೇಲೆ ಕೂತರೆ ಗತ್ತು ಹೋಗುತ್ತದಂತೆ.

ಮೊದಲ ಕಾರ್ಡು ಅಂಚೆಯಲ್ಲಿ ಹೋದದ್ದು ದೊಡ್ಡಪ್ಪನ ತಂಗಿ, ನಂಜನಗೂಡಿನ ಬಸವಮ್ಮತ್ತೆಗೆ. ಆಕೆಗೆ ಸಣ್ಣಕ್ಷರ ಕಾಣದು. ಅರಿಶಿನ ಕಾಣದ ಪತ್ರ, ಅದರಲ್ಲಿ ಕರಿ ಇಟ್ಟಿಗೆಯಂಥ ಅಕ್ಷರದಲ್ಲಿ ಅಣ್ಣನ ಹೆಸರು. ಪತ್ರವನ್ನು ಹೊಸ್ತಿಲು ದಾಟಿಸದೆ, ಕೈಯಲ್ಲಿ ಹಿಡಿದೇ ಬಸ್ಸು ಹತ್ತಿ ಬಂದುಬಿಟ್ಟರು.

ಗೇಟಿನಿಂದಲೇ ಅಳು ಕೇಳಿಸಿತು. ದೊಡ್ಡಪ್ಪ ಜಗಲಿಯಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದರು. ಅವರನ್ನು ಕಂಡದ್ದೇ ಅತ್ತೆಯ ಅಳು ಅರ್ಧಕ್ಕೆ ನಿಂತಿತು.

"ಯಾರ್ ಹೋದ್ರೇ?" ಎಂದರು ದೊಡ್ಡಪ್ಪ.

"ನೀನೇ ಕಣಣ್ಣ. ಇಷ್ಟು ದಪ್ಪಕ್ಕೆ ಬರ್ಸ್ಕೊಂಡಿದ್ದೀಯಲ್ಲ," ಎಂದು ಅತ್ತೆ ಪತ್ರ ಚಾಚಿದರು.

"ಅದು ಸ್ಲ್ಯಾಬ್ ಕಣೇ."

"ಸಮಾಧಿ ಮೇಲ್ ಹಾಕೋಕ್ ಆಯ್ತದೆ ಬುಡು."

ದೊಡ್ಡಪ್ಪ ಉಪ್ಪಿಟ್ಟಿನ ತಟ್ಟೆ ಬಿಟ್ಟೆದ್ದು ಸ್ಕೂಟರ್ ಹತ್ತಿದರು. ತಾವೇ ಹಾಕಿಸಿದ ಸ್ಲ್ಯಾಬನ್ನು ಅವರು ಒಡೆಸಿದ್ದು ಅದೊಂದೇ ಸಲ. ಹೊಸ ಕಾರ್ಡಿನಲ್ಲಿ ಅವರ ಹೆಸರು ಯಮನ ಕಣ್ಣು ತಪ್ಪಿಸುವಂತೆ ಒಂದು ಮೂಲೆಯಲ್ಲಿ ಮುದುಡಿ ಕೂತಿತ್ತು. ನಡುವೆ ದುಂಡನೆಯ ಅಕ್ಷರ. ನಾಲ್ಕೂ ಮೂಲೆಗೆ ನಾನು ಕೈತುಂಬ ಅರಿಶಿನ ಬಳಿದೆ.

ಬಸವಮ್ಮತ್ತೆ ಅದನ್ನು ಮಾರುದೂರ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿದರು.

"ಮ... ಧು... ಶ್ರೀ. ಓ, ಮದ್ವೆ ನಿಂದೇನೇ?"